ಕಾಯುವ ಕೆಲಸ

"ಸಭಾಪಾಲಕನ ಕೆಲಸ ಅಂದರೆ ಏನು?" ಎಂದು ಸಾಹೇಬರು ಕೇಳಿದರು.

ಈ ಪ್ರಶ್ನೆ ಬರುತ್ತದೆಂದು ಗೊಲ್ಲಾಳಪ್ಪನಿಗೆ ಗೊತ್ತಿತ್ತು. ಉತ್ತರವೂ ಬಾಯಿಪಾಠವಾಗಿತ್ತು. ಸೋಲಾಪುರದ ಬ್ಯಾಪ್ಟಿಸ್ಟ್ ಸಭೆಯವರು ಕಟ್ಟಿಸಿದ ಕಲ್ಲಿನ ಪ್ರಾರ್ಥನಾ ಮಂದಿರದಲ್ಲಿ ಹೊಸ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಎದುರಿನ ಬೆಂಚಿನ ಮೇಲೆ ಮಿಶನ್ನಿನ ಬಿಳಿಯ ಸಾಹೇಬರು, ಮಿಶನ್ ಶಾಲೆಯ ಚನ್ನವೀರಪ್ಪ ಮಾಸ್ತರರು, ಬೇರೆ ಊರಿನ ಸಭೆಗಳಿಂದ ಬಂದ ಹಿರಿಯರು ಕುಳಿತಿದ್ದರು. ಅವರು ಒಪ್ಪಿದರೆ, ಈವರೆಗೆ ಬರೀ ಉಪದೇಶಿಯಾಗಿದ್ದ ಗೊಲ್ಲಾಳಪ್ಪನ ತಲೆಯ ಮೇಲೆ ಕೈಯಿಟ್ಟು ಅವನನ್ನು ಈ ಮಂದಿರದ ಸಭಾಪಾಲಕನನ್ನಾಗಿ ಮಾಡುವವರಿದ್ದರು.

"ವಾಕ್ಯ ಸಾರೋದು ರೀ. ನಂಬಿದವರಿಗೆ ದೀಕ್ಷಾಸ್ನಾನ ಕೊಡೋದು. ಪ್ರಭುವಿನ ಪಂಕ್ತ್ಯಾಗ ರೊಟ್ಟಿ ಮುರದು ಬಡಸೋದು. ತಪ್ಪಿದವರನ್ನ ತಿದ್ದೋದು."

"ಮತ್ತೆ?"

"ಮತ್ತ ಮಂದೀನ್ನ ಕಾಯೋದು ರೀ."

ಅವನ ಸೀಮೆಯ ಬಾಯಲ್ಲಿ ಜನವೂ ಮಂದಿಯೇ, ಕುರಿಯ ಮಂದೆಯೂ ಮಂದಿಯೇ. ಚನ್ನವೀರಪ್ಪ ಮಾಸ್ತರರು ಮೀಸೆಯಲ್ಲೇ ನಕ್ಕು, "ಕುರುಬರ ಹುಡುಗ. ಎಷ್ಟು ಓದಿಸಿದ್ರೂ ಕಾಯೋ ಮಾತು ಬಿಡಂಗಿಲ್ಲ" ಎಂದರು. ಉಳಿದವರೂ ನಕ್ಕರು. ಗೊಲ್ಲಾಳಪ್ಪನೂ ನಕ್ಕ. ಎಲ್ಲ ಸಲೀಸಾಗಿ ಮುಗಿಯಿತೆಂದು ಅವನು ಅಂದುಕೊಳ್ಳುವಷ್ಟರಲ್ಲಿ ಮಾಸ್ತರರು ಕೆಮ್ಮಿ ದನಿ ಇಳಿಸಿದರು.

"ಇನ್ನೊಂದು ಉಳದದ. ಸಭಾಪಾಲಕ ಒಬ್ಬಾಕಿ ಹೆಂಡತಿ ಇದ್ದಾವ ಇರಬೇಕು ಅಂತ ಶಾಸ್ತ್ರ ಹೇಳ್ತದ. ನಿಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ. ಹೆಣ್ಣುಮಕ್ಕಳು ಕಷ್ಟ ಹೇಳ್ಕೊಳ್ಳಾಕ ಬಂದ್ರ ಯಾರ ಮುಂದ ಹೇಳಬೇಕು?"

"ನನಗ ಹೆಂಡ್ತಿ ಇದ್ದಾಳ ರೀ."

"ಇದ್ದಾಳ. ಚಪಳಗಾಂವದಾಗ ಕುರುಬರ ದ್ಯಾವರು ಬೀರಪ್ಪಗ ಭಂಡಾರ ಹಾರಿಸಿಕೋತ ಇದ್ದಾಳ. ಅದಕ್ಕ ಹೆಂಡ್ತಿ ಅಂತಾರೇನು?"

ಸಾಹೇಬರು ಪುಸ್ತಕದಲ್ಲಿ ಕಲಿತ ಕನ್ನಡದಲ್ಲಿ ಮೆಲ್ಲಗೆ ತಿಳಿಸಿದರು. ಕೂಡಿ ಬಾಳಲು ಒಲ್ಲೆನೆಂದ ಹೆಂಡತಿಯಿಂದ ಬಿಡುಗಡೆ ಪಡೆಯಲು ಕೋರ್ಟಿನಲ್ಲಿ ಹಾದಿಯಿದೆ. ಅದರಲ್ಲಿ ಪಾಪವಿಲ್ಲ. ಶಾಲೆಯ ಸುಮಿತ್ರಾಬಾಯಿ ಒಳ್ಳೆಯ ವಿಧವೆ, ಅವಳೂ ಒಂಟಿ. ಈಸ್ಟರ್ ಹಬ್ಬದೊಳಗೆ ವಿಚಾರ ಮಾಡಿ ಹೇಳಲಿ. ಹೊರಗೆ ಗಿರಣಿಯ ಭೋಂಗಾ ಕೂಗಿತು. ಪಾಳಿ ಮುಗಿಸಿದ ಜನ ರಸ್ತೆ ತುಂಬಿಕೊಂಡು ಮನೆಗಳ ಕಡೆಗೆ ನಡೆದಿದ್ದರು. ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದ ಗೊಲ್ಲಾಳಪ್ಪನ ಹೆಗಲ ಮೇಲೆ ಸಾಹೇಬರು ಕೈಯಿಟ್ಟು ಹೋದರು.

ಇನ್ಫ್ಲುಯೆಂಜಾ ಬಂದ ವರ್ಷ ಅವನೂ ಹೀಗೆಯೇ ಗಿರಣಿಯ ಪಾಳಿಯಲ್ಲಿ ನಡೆದವನು. ರೋಗ ಬಿದ್ದು ಕುರಿ ಸತ್ತಿದ್ದವು. ಸೋದರಮಾವನ ಮಗಳು ರೇವಮ್ಮ ಹೆಂಡತಿಯಾಗಿ ಮನೆಗೆ ಬಂದು ಎರಡು ಮಳೆಗಾಲ ಕಳೆದಿತ್ತು. ಅವಳನ್ನು ತನ್ನ ತಾಯಿಯ ಜೊತೆ ಚಪಳಗಾಂವದಲ್ಲಿ ಬಿಟ್ಟು ಸೋಲಾಪುರಕ್ಕೆ ಬಂದ ಕೆಲವೇ ದಿನಗಳಲ್ಲಿ ಜ್ವರ ಹಿಡಿಯಿತು. ಚಾಳಿನ ಕೋಣೆಯಲ್ಲಿ ಬಿದ್ದವನ ಹತ್ತಿರ ಯಾರೂ ಸುಳಿಯಲಿಲ್ಲ. ನೇಕಾರರ ಓಣಿಯ ಒಬ್ಬ ಮುದುಕ ತೆಲುಗು ಉಪದೇಶಿ ಬಂದು ಪಕ್ಕದಲ್ಲಿ ಕೂತ. ಗಂಜಿ ಕುಡಿಸಿದ, ಹೊಲಸು ಬಳಿದ. ದೇವರ ಹೆಸರನ್ನು ಎತ್ತಲೇ ಇಲ್ಲ. ಗೊಲ್ಲಾಳಪ್ಪ ಎದ್ದು ಕುಳಿತ ವಾರದಲ್ಲಿ ಅದೇ ಜ್ವರದಿಂದ ಮುದುಕ ಸತ್ತ. ಊರಿನಲ್ಲಿ ತಾಯಿಯೂ ಸತ್ತಳು, ರೇವಮ್ಮ ಅದೇ ಊರಿನ ತವರುಮನೆಗೆ ಹೋದಳೆಂದು ಸುದ್ದಿ ಬಂತು. ಮುದುಕನನ್ನು ತನ್ನ ಮಗ್ಗುಲಲ್ಲಿ ಕೂರಿಸಿದ ಆ ದೇವರು ಯಾರು ಎಂದು ಕೇಳಿಕೊಂಡು ಗೊಲ್ಲಾಳಪ್ಪ ತಾನಾಗಿಯೇ ಮಿಶನ್ನಿಗೆ ಹೋದ. ಮುಂದಿನ ವರ್ಷ ಸೀನಾ ನದಿಯಲ್ಲಿ ದೀಕ್ಷಾಸ್ನಾನಕ್ಕೆ ಮುಳುಗಿ ಎದ್ದ.

ಎದ್ದವನೇ ರೇವಮ್ಮನನ್ನು ಕರೆತರಲು ಹೋಗಿದ್ದ. ಸೋದರಮಾವ ಹೊಸ್ತಿಲಿನಲ್ಲಿ ಅಡ್ಡ ನಿಂತು, "ನೀರಾಗ ಮುಳುಗಿದಾವಗ ನನ್ನ ಮನ್ಯಾಗ ಮಗಳಿಲ್ಲ" ಎಂದಿದ್ದ. ಒಳಗೆ ಬೀಸುವ ಕಲ್ಲಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಗಿತ್ತು. ಅಷ್ಟೇ ಅವನಿಗೆ ಸಿಕ್ಕ ಉತ್ತರ. ಆಮೇಲೆ ಸೋದರಮಾವ ತೀರಿಕೊಂಡ. ವರ್ಷಗಳು ಕಳೆದವು. ಗೊಲ್ಲಾಳಪ್ಪ ಮಿಶನ್ನಿನ ಖರ್ಚಿನಲ್ಲಿ ಓದಿ ಉಪದೇಶಿಯಾದ. ಈಗಲೂ ಮಲಗುವಾಗ ಕಂಬಳಿಯ ಎಡಗಡೆಯ ಅರ್ಧದಲ್ಲಿ ಮಾತ್ರ ಮಲಗುತ್ತಿದ್ದ. ಸಭೆಯ ಗಂಡಹೆಂಡಿರಿಗಾಗಿ ಪ್ರಾರ್ಥಿಸುವಾಗ ಅವನ ನಾಲಿಗೆ ತುಸು ತಡೆಯುತ್ತಿತ್ತು. ಜನ ಅದನ್ನು ಭಕ್ತಿಯೆಂದು ತಿಳಿದಿದ್ದರು.

ಕೆಲಸವನ್ನೂ ಅವನು ಆ ಮುದುಕನ ರೀತಿಯಲ್ಲೇ ಮಾಡುತ್ತಿದ್ದ. ಸೇಂದಿ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ಸಂಜೆ ನಿಂತಿರುತ್ತಿದ್ದ. ತೂರಾಡುತ್ತ ಹೊರಬಂದವನ ಜೊತೆ ಮನೆಯ ತನಕ ನಡೆಯುತ್ತಿದ್ದ, ಉಪದೇಶವಿಲ್ಲ. ಅವನನ್ನು ಬಾಗಿಲಿಗೆ ಮುಟ್ಟಿಸಿ, "ಮಲಕೋ ತಮ್ಮ" ಎಂದು ಹೇಳಿ ಹೊರಟುಬಿಡುತ್ತಿದ್ದ. ಯಾರಾದರೂ ಹುರುಪಿನಿಂದ ದೀಕ್ಷಾಸ್ನಾನ ಬೇಕೆಂದು ಬಂದರೆ, "ಇನ್ನೊಂದು ಮಳಿಗಾಲ ನೋಡು. ಆಮ್ಯಾಲ ಬೇಕನಿಸಿದ್ರ ನಾ ಎಲ್ಲಿ ಓಡಿ ಹೊಕ್ಕೀನಿ?" ಎನ್ನುತ್ತಿದ್ದ. ಮಾಸ್ತರರಿಗೆ ಇದು ಸರಿಬರುತ್ತಿರಲಿಲ್ಲ. ಬೇರೆ ಉಪದೇಶಿಗಳು ಹಿಂಡುಹಿಂಡಾಗಿ ಜನರನ್ನು ನೀರಿಗಿಳಿಸುವಾಗ ಇವನು ಬಂದವರನ್ನೂ ನಿಲ್ಲಿಸುತ್ತಾನೆಂದು ಅವರ ದೂರು. ಆದರೂ ಗಿರಣಿಯ ಕನ್ನಡದ ಜನ ಇವನೇ ಬೇಕೆಂದು ಹಟ ಹಿಡಿದಿದ್ದರಿಂದ ಮಾತು ಇಲ್ಲಿಯವರೆಗೆ ಬಂದಿತ್ತು.

ಮರುದಿನ ಶಾಲೆಯ ಬಾವಿಯ ಹತ್ತಿರ ಸುಮಿತ್ರಾಬಾಯಿಯೇ ಅವನನ್ನು ತಡೆದಳು. ಅವಳಿಗೆ ಮೂವತ್ತು ದಾಟಿರಬೇಕು. ಮಕ್ಕಳಿಗೆ ಮರಾಠಿ ಕಲಿಸುತ್ತಿದ್ದಳು.

"ಉಪದೇಶಿಯವರ, ನಿಮಗ ಹೇಳ್ಯಾರಂತ. ನನಗೂ ಹೇಳ್ಯಾರ. ಕೇಳಿಲ್ಲ, ಹೇಳ್ಯಾರ."

"ತಪ್ಪಾತ್ರಿ ಬಾಯಿ."

"ನಿಮ್ಮದೇನು ತಪ್ಪು? ಒಲ್ಲೆ ಅನ್ನಾಕ ನನಗ ಕಾರಣ ಇಲ್ಲ. ಖರೆ ಹೇಳ್ಬೇಕಂದ್ರ, ಒಬ್ಬಾಕಿನ ಇದ್ದು ಸಾಕಾಗ್ಯದ." ಅವಳು ಕೊಡವನ್ನು ಕಟ್ಟೆಯ ಮೇಲಿಟ್ಟಳು. "ಆದ್ರ ಇನ್ನೊಬ್ಬಾಕಿ ಹಾದಿ ನೋಡ್ತಿರೋ ಮನ್ಯಾಗ ನಾ ಒಲಿ ಹಚ್ಚಂಗಿಲ್ಲ. ಆಕಿ ನೋಡ್ತಾಳೋ ಇಲ್ಲೋ, ಹೋಗಿ ಆಕಿನ್ನ ಕೇಳಿ ಬರ್ರಿ. ಕೋರ್ಟಿನವರು ಯಾಕ ಕೇಳಬೇಕು?"

ಅವನು ಹೊರಟ.

ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಸಿಕ್ಕ ಚಕ್ಕಡಿ ಹಿಡಿದು ಅಕ್ಕಲಕೋಟೆಗೆ ಹೋಗಿ, ಬೆಳಿಗ್ಗೆ ಚಪಳಗಾಂವದ ಹಾದಿಯಲ್ಲಿ ನಡೆಯತೊಡಗಿದ. ಬಿಳಿಜೋಳ ಕೊಯ್ದು ಮುಗಿದಿತ್ತು. ಕರಿಯ ಎರೆಭೂಮಿ ಬಿರುಕು ಬಿಟ್ಟು ಕೂಳೆ ಹೊತ್ತು ಬಿದ್ದಿತ್ತು. ಅಲ್ಲಲ್ಲಿ ಕಡಲೆಯ ಹೊಲಗಳು ಮಾತ್ರ ಇನ್ನೂ ನಿಂತಿದ್ದವು. ಹಾದಿಯುದ್ದಕ್ಕೂ ಅವನು ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡ. ಊರು ಕಂಡಾಗ ಒಂದೂ ಉಳಿದಿರಲಿಲ್ಲ.

ರೇವಮ್ಮನ ತಮ್ಮ ಮರೆಪ್ಪ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದ. ಇವನನ್ನು ಕಂಡು ಎದ್ದು ನಿಂತ. ಅವನ ತಂದೆ ಅಡ್ಡ ನಿಂತ ಹೊಸ್ತಿಲು ಅದೇ. ಮರೆಪ್ಪ ಅಡ್ಡ ನಿಲ್ಲಲಿಲ್ಲ.

"ಬಾ ಮಾವ. ಕೂಡ್ರು," ಎಂದು ಕಂಬಳಿ ಹಾಸಿದ. ಸಣ್ಣ ಮಕ್ಕಳು ಕಂಬದ ಹಿಂದಿನಿಂದ ಇಣುಕಿದವು. ಅವುಗಳ ತಾಯಿ ಹೆರಿಗೆಯಲ್ಲಿ ಹೋದಳೆಂದು ಮರೆಪ್ಪ ಹೇಳಿದ. "ಅಕ್ಕನ ನೋಡ್ಕೋತಾಳ. ಮನಿ, ಮಕ್ಕಳು, ಕುರಿ, ಎಲ್ಲಾ ಆಕಿಂದ."

ರೇವಮ್ಮ ನೀರಿನ ತಂಬಿಗೆ ತಂದಿಟ್ಟು ಒಳಗೆ ಹೋದಳು. ಮುಖ ಒಣಗಿತ್ತು. ಹಣೆಯ ಮೇಲೆ ಭಂಡಾರದ ಅರಿಶಿನ. ಅವಳ ನಡಿಗೆ ಮಾತ್ರ ಹಾಗೇ ಇತ್ತು, ಬಲಗಾಲನ್ನು ತುಸು ಎಳೆದು ಹಾಕುವ ನಡಿಗೆ. ಅದನ್ನು ತಾನು ಮರೆತೇಬಿಟ್ಟಿದ್ದೆನೆಂದು ಗೊಲ್ಲಾಳಪ್ಪನಿಗೆ ಆಗ ತಿಳಿಯಿತು. ಇಷ್ಟು ವರ್ಷ ನೆನೆದ ಹೆಂಗಸಿಗೆ ಈ ನಡಿಗೆ ಇರಲಿಲ್ಲ. ಅವನು ನೀರು ಕುಡಿಯದೆ ತಂಬಿಗೆಯನ್ನು ಹಿಡಿದುಕೊಂಡೇ ಕೂತ.

ಅವನು ಬಂದ ಸುದ್ದಿ ತಿಳಿದು ಕುಲದ ಹಿರಿಯರಿಬ್ಬರು ಬಂದರು. ಬೈಗುಳವನ್ನು ನಿರೀಕ್ಷಿಸಿದ್ದವನಿಗೆ ಬೈಗುಳವೂ ಸಿಗಲಿಲ್ಲ. ವಯಸ್ಸಾದವನೊಬ್ಬ ಎಲೆ ಅಡಿಕೆ ಜಗಿಯುತ್ತ ಹೇಳಿದ, "ಆಗಿದ್ದು ಆತು. ಹಿಂಗ ನಡು ನೀರಾಗ ಇಬ್ಬರೂ ನಿಂದ್ರೋದು ಬ್ಯಾಡ. ಕೂಡೋದಿದ್ರ ಕೂಡ್ರಿ. ಇಲ್ಲಾಂದ್ರ ನಮ್ಮ ಮುಂದ ಕಡ್ಡಿ ಮುರದು ಸಂಬಂಧ ಬಿಡ್ರಿ. ಆಕಿನೂ ಇನ್ನೊಬ್ಬನ ಕೂಡ ಉಡಿಕಿ ಆಗ್ಲಿ, ನೀನೂ ನಿನ್ನ ಮಂದ್ಯಾಗ ಮಾಡ್ಕೋ."

ಬಾಗಿಲ ಹಿಂದೆ ಬಳೆ ಸದ್ದಾಯಿತು. ಹಿರಿಯ ಆ ಕಡೆ ತಿರುಗಿ, "ಏನಂತೀ ತಂಗಿ? ಹೋಗೋದಿದ್ರ ಹೋಗ್ತೀನಿ ಅನ್ನು. ಇಲ್ಲಾಂದ್ರ ಒಂದು ಜ್ವಾಳದ ಕಡ್ಡಿ ತಗೊಂಡು ಬಾ" ಎಂದ.

ಅವಳು ಹಿತ್ತಿಲ ಕಡೆ ಹೋದ ಸಪ್ಪಳ ಕೇಳಿತು. ಹಿರಿಯರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಮರೆಪ್ಪ ಉಣ್ಣೆಯ ಎಳೆ ಹಿಡಿದು ನೆಲ ನೋಡುತ್ತ ಕೂತ. ಕಡ್ಡಿ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಿಯ ಮುಳ್ಳುಬೇಲಿ ಸರಿದ ಸದ್ದು, ಆಮೇಲೆ ಕುರಿಗಳ ಒಟ್ಟುದನಿ, ಆಮೇಲೆ ಆ ದನಿ ದೂರದೂರವಾಗಿದ್ದು. ಒಂದು ಹುಡುಗಿ ಓಡಿಬಂದು, "ಅತ್ತಿ ಕುರಿ ಹೊಡ್ಕೊಂಡು ಹೋದಳು" ಎಂದಳು.

"ಇದೇನು ರೀತಿ," ಎಂದ ಹಿರಿಯ.

"ಆಕಿ ಕಡ್ಡಿ ಮುರಿಯಂಗಿಲ್ರಿ ಕಾಕಾ," ಎಂದ ಮರೆಪ್ಪ. "ನಾ ಏಸು ಸಲ ಹೇಳೀನಿ. ಮಂಗಳವೇಢೆ ಕಡೆಯಿಂದ ಪಾವ್ಣೇರು ಬಂದು ಉಡಿಕಿಗೆ ಕೇಳಿದ್ರು. ಆವತ್ತೂ ಹಿಂಗ ಹೋದಳು."

ಗೊಲ್ಲಾಳಪ್ಪ ತಂಬಿಗೆಯ ನೀರು ಕುಡಿದು ಎದ್ದ.

ಕೂಳೆಯ ಹೊಲದಲ್ಲಿ ಕುರಿಗಳು ಹರಡಿಕೊಂಡಿದ್ದವು. ರೇವಮ್ಮ ಬದುವಿನ ಮೇಲೆ ಕೋಲೂರಿ ನಿಂತಿದ್ದಳು. ಅವನು ಹತ್ತಿರ ಬಂದರೂ ತಿರುಗಲಿಲ್ಲ.

"ಕುರಿ ಹಸದಿದ್ದವು," ಎಂದಳು.

"ಹಿರ್‍ಯಾರು ಕುಂತಾರ."

"ಕುಂದರ್ಲಿ. ಅವರಿಗೇನು ಬ್ಯಾರೆ ಕೆಲಸ."

ಅಷ್ಟರಲ್ಲಿ ಕೆಲವು ಕುರಿಗಳು ಪಕ್ಕದ ಕಡಲೆ ಹೊಲದ ಕಡೆ ಮುಖ ಮಾಡಿದವು. ಗೊಲ್ಲಾಳಪ್ಪ ಹಿಂದೆಮುಂದೆ ನೋಡದೆ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಹಳೆಯ ಕೂಗು ಹಾಕಿದ. ಒಂದು ಕುರಿಯೂ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕೂಗಿದ. ಮುಂದಿನ ಟಗರೊಂದು ಬದು ಹತ್ತಿತು. ಆಗ ರೇವಮ್ಮ ಇದ್ದಲ್ಲಿಂದಲೇ, ದನಿ ಎತ್ತರಿಸದೆ, "ಹುರ್ರಿಯೋ" ಎಂದಳು. ಅಷ್ಟೂ ಕುರಿ ಹೊರಳಿ ನಿಂತವು.

"ನಿನ್ನ ದನಿ ಗುರ್ತಿಲ್ಲ ಅವಕ್ಕ," ಎಂದಳು. ಅದರಲ್ಲಿ ಕೊಂಕಿರಲಿಲ್ಲ. "ಆವಾಗಿನವು ಒಂದೂ ಉಳದಿಲ್ಲ."

ಅವನು ಬದುವಿನ ಮೇಲೆ ಕುಳಿತ. ಅವಳು ನಿಂತೇ ಇದ್ದಳು.

"ಉಡಿಕಿ ಯಾಕ ಆಗಲಿಲ್ಲ?"

"ಕೇಳಿದ್ರು. ಹೂಂ ಅನ್ನಾಕ ಬಾಯಿ ಬರಲಿಲ್ಲ."

"ನಾ ಕರಿಯಾಕ ಬಂದಾಗ?"

"ಅಪ್ಪ ಬಾಗಲದಾಗ ನಿಂತಿದ್ದ. ನೀ ಹೊರಗ ನಿಂತಿದ್ದಿ. ನನ್ನ ಯಾರು ಕೇಳಿದ್ರು? ಬೀಸೋದು ನಿಲ್ಲಿಸಿ ಕುಂತಿದ್ದೆ, ಹೆಸರು ಹಿಡದು ಕರದ್ರ ಹೋಗೋಣು ಅಂತ. ನೀ ಕರೀಲಿಲ್ಲ. ಹಿಟ್ಟು ಬೇಕಾಗಿತ್ತಲ್ಲ, ಮತ್ತ ಬೀಸಿದೆ."

ಗಾಳಿ ಬೀಸಿ ಕೂಳೆ ಸರಬರ ಎಂದಿತು. ಅವನು ಅವಳ ಹೆಸರು ಹಿಡಿದು ಕರೆದ. "ರೇವಮ್ಮ, ಬಾ. ಈಗ ಬಾ. ನೀರಾಗ ಮುಳುಗೋ ಮಾತು ನಾ ಎತ್ತಂಗಿಲ್ಲ. ನಿನ್ನ ಬೀರಪ್ಪ ನಿನ್ನ ಕೂಡ ಬರ್ಲಿ. ಭಂಡಾರ ಹಚ್ಕೊಂಡ ಇರು. ನಿನ್ನ ಮನಸಿಗೆ ಬರೂತನ ನಾ ಒಂದು ಮಾತು ಅನ್ನಂಗಿಲ್ಲ. ಬರದಿದ್ರೂ ಅನ್ನಂಗಿಲ್ಲ."

"ನೀ ಎತ್ತಂಗಿಲ್ಲ. ನಿನ್ನ ಮಂದಿ?"

ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ಅದೂ ಇರ್ಲಿ," ಎಂದಳು ರೇವಮ್ಮ. "ಮಂದಿಗೆ ನಾ ಅಂಜಂಗಿಲ್ಲ. ಈ ಹುಡುಗರು? ಸಣ್ಣದು ಇನ್ನೂ ನನ್ನ ಮಗ್ಗಲದಾಗ ಮಲಗ್ತದ. ಆವಾಗ ಬರ್ತಿದ್ದೆ. ಈಗ ನಾ ಬರೀ ನಿನ್ನಾಕಿ ಅಲ್ಲ." ಕೋಲಿನ ತುದಿಯಿಂದ ಒಂದು ಹೆಂಟೆಯನ್ನು ಒಡೆದಳು. "ಇನ್ನೊಂದು ಮಾಡ್ಕೋ ಅಂತಾರೇನು?"

"ಹೂಂ."

"ಹೆಂಗದಾಳ?"

"ಚಲೋ ಹೆಂಗಸು. ಸಾಲಿ ಕಲಸ್ತಾಳ. ಆಕಿನ ನನ್ನ ಕಳಿಸಿದ್ದು, ನಿನ್ನ ಕೇಳಿ ಬಾ ಅಂತ."

ರೇವಮ್ಮ ಹಿಂದುಳಿದ ಮರಿಯೊಂದನ್ನು ಕೋಲಿನಿಂದ ಮಂದೆಯ ಕಡೆ ತಿರುಗಿಸಿದಳು. ಆಮೇಲೆ, "ಹಂಗಾರ ಶ್ಯಾಣ್ಯಾಕಿ ಇದ್ದಾಳ. ಮಾಡ್ಕೋ" ಎಂದಳು.

"ಕಡ್ಡಿ?"

"ಬೇಕಾದ್ರ ನೀನ ಮುರಿ. ನನ್ನ ಕೈಲೆ ಆಗಂಗಿಲ್ಲ."

ಕಾಲಕೆಳಗೆಲ್ಲ ಜೋಳದ ಕಡ್ಡಿಗಳೇ ಇದ್ದವು. ಗೊಲ್ಲಾಳಪ್ಪ ಬಗ್ಗಿ ಒಂದನ್ನು ಕಿತ್ತುಕೊಂಡ. ಒಣಗಿ ಹಗುರವಾಗಿತ್ತು, ಬೆರಳಿನಿಂದ ಒತ್ತಿದರೆ ಸಾಕು. ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತ. ಸೋಲಾಪುರದ ಕಲ್ಲಿನ ಮಂದಿರ ಕಣ್ಣ ಮುಂದೆ ಬಂತು. ಅದರ ಪೀಠದ ಮೇಲೆ ನಿಂತು ಗಿರಣಿಯ ಜನಕ್ಕೆ ಕನ್ನಡದಲ್ಲಿ ಹೇಳಬೇಕೆಂದು ಮನಸ್ಸಿನಲ್ಲಿ ಕೂಡಿಟ್ಟುಕೊಂಡ ಮಾತುಗಳೆಲ್ಲ ಬಂದವು. ಅದೂ ಅವನ ಬಹಳ ದಿನದ ಆಸೆಯೇ. ಹೀಗೆ ಕುಳಿತಿರುವಾಗ ಒಂದು ಮರಿ ಬಂದು ಕಡ್ಡಿಯ ತುದಿಯನ್ನು ಮೂಸಿ ಬಾಯಿಗೆ ಹಾಕಿಕೊಂಡು ಎಳೆಯಿತು. ಅವನು ಬಿಟ್ಟುಕೊಟ್ಟ. ರೇವಮ್ಮ ಆವತ್ತು ಮೊದಲ ಸಲ ನಕ್ಕಳು.

ಈಸ್ಟರಿಗೆ ಮುಂಚೆ ಸಭೆಯ ಹಿರಿಯರು ಮತ್ತೆ ಕೂಡಿದರು. ಗೊಲ್ಲಾಳಪ್ಪ ಇದ್ದುದನ್ನು ಇದ್ದಂತೆ ಹೇಳಿದ. ಅವಳು ಬರುವುದಿಲ್ಲ, ತಾನು ಬಿಡುವುದಿಲ್ಲ.

"ಮಂದಿಗೆ ಏನು ಹೇಳೋಣು ನಾವು?" ಎಂದರು ಚನ್ನವೀರಪ್ಪ ಮಾಸ್ತರರು. ಈ ಸಲ ಅವರು ನಗಲಿಲ್ಲ. "ನಾ ನಿಮ್ಮ ವೈರಿ ಅಲ್ಲ. ಹೆಂಡ್ತಿ ಅಲ್ಲಿ ಬೀರಪ್ಪನ ಗುಡ್ಯಾಗ, ಗಂಡ ಇಲ್ಲಿ ಪೀಠದ ಮ್ಯಾಲ. ಸ್ವಂತ ಮನೀನ ಗೆಲ್ಲಲಾರದಾವ ಸಭಿ ಹ್ಯಾಂಗ ಗೆಲ್ತಾನ ಅಂತ ಕೇಳ್ತಾರ."

"ಸಭಿ ಗೆಲ್ಲಾಕಲ್ಲ ರೀ ಮಾಸ್ತರ. ಆವತ್ತ ಕಾಯೋದು ಅಂದಿದ್ದೆ, ನಕ್ಕಿದ್ರಿ. ನನಗೂ ಅದರ ಅರ್ಥ ಪೂರಾ ಗೊತ್ತಿರಲಿಲ್ಲ. ಕುರಿ ಕಾಯೋದಕ್ಕೂ ಕಾಯೋದು ಅಂತೀವಿ, ಹಾದಿ ಕಾಯೋದಕ್ಕೂ ಕಾಯೋದು ಅಂತೀವಿ. ದೊಡ್ಡ್ಯಾಗ ಇದ್ದದ್ದನ್ನ ಕಾಯೋದು ಯಾರಿಗೂ ಬರ್ತದ. ಬರಲಾರದವರನ್ನೂ ನಮ್ಮವರು ಅಂತ ಇಟ್ಕೊಂಡು ಕೂಡ್ರೋದು, ಅದು ಬರದಿದ್ರ ನಾ ಇಲ್ಲಿ ನಿಂತು ಏನು ಹೇಳಲಿ? ಕುಡುಕನ ಹೆಂಡ್ತಿಗೆ ತಡಿ ಅಂತ ಹೇಳೀನಿ. ಮಗ ಓಡಿಹೋದ ಮುದುಕಿಗೆ ತಡಿ ಅಂತ ಹೇಳೀನಿ. ನಾ ಮಾತ್ರ ಕಡ್ಡಿ ಮುರದು ಬಂದು ನಿಂದ್ರಲೇನು?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಮಾತು ನನಗೆ ತಿಳಿಯುತ್ತದೆ ಗೊಲ್ಲಾಳಪ್ಪ. ಆದರೆ ಸಭಾಪಾಲಕನ ಪದವಿ ಕೊಡಲು ನನ್ನಿಂದ ಆಗುವುದಿಲ್ಲ," ಎಂದರು.

ಗಿರಣಿಯ ಜನ ಒಲ್ಲೆವೆಂದರೂ ಸಭೆಯ ಹೆಚ್ಚಿನವರು ಕೈಯೆತ್ತಿ ಸಾಹೇಬರ ಮಾತಿಗೆ ಒಪ್ಪಿದರು. ಕಲ್ಲಿನ ಮಂದಿರಕ್ಕೆ ನಿಜಾಮರ ಸೀಮೆಯಿಂದ ಬೇರೆ ಸಭಾಪಾಲಕರು ಬಂದರು. ಸಂಸಾರವಂತರು, ಒಳ್ಳೆಯವರು. ಗೊಲ್ಲಾಳಪ್ಪ ಉಪದೇಶಿಯಾಗಿಯೇ ಉಳಿದು ಅಕ್ಕಲಕೋಟೆಗೆ ಹೋಗುವುದೆಂದಾಯಿತು. ದೀಕ್ಷಾಸ್ನಾನವನ್ನೂ ಪ್ರಭುವಿನ ಪಂಕ್ತಿಯನ್ನೂ ಸೋಲಾಪುರದಿಂದ ಬಂದವರೇ ನಡೆಸಿಕೊಡತಕ್ಕದ್ದು. ಹೊರಡುವ ದಿನ ಸುಮಿತ್ರಾಬಾಯಿ ಶಾಲೆಯ ಬಾಗಿಲಿಗೆ ಬಂದು ನಿಂತಳು. "ಕೇಳಿ ಬಂದ್ರಲ್ಲ, ಚಲೋ ಆತು," ಎಂದಳು. ಮಕ್ಕಳು ಒಳಗೆ ಮಗ್ಗಿ ಹೇಳುತ್ತಿದ್ದವು. ಅವು ತಪ್ಪು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಅಕ್ಕಲಕೋಟೆಯ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಸಿಕ್ಕಿತು. ಸುತ್ತಲಿನ ಹಳ್ಳಿಗಳಿಂದ ಕೆಲವೇ ಮನೆಯವರು ಸಂತೆಯ ದಿನ ಬರುತ್ತಿದ್ದರು, ಪ್ರಾರ್ಥನೆಯೂ ಆ ದಿನವೇ. ಉಳಿದ ದಿನ ಗೊಲ್ಲಾಳಪ್ಪ ಮೈಂದರ್ಗಿಯ ಕಡೆ ಊರೂರು ತಿರುಗುತ್ತಿದ್ದ. ಚಪಳಗಾಂವಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ದೇವರ ಮಾತು ಹೊತ್ತು ಅವಳ ಊರು ಹೊಕ್ಕರೆ ಅವಳನ್ನು ಸುತ್ತುವರಿದಂತಾಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆ ಕಡೆಯಿಂದ ಬಂದ ಚಕ್ಕಡಿಗಳು ಪೇಟೆಯಲ್ಲಿ ನಿಂತಾಗ ಎತ್ತುಗಳ ಗೊರಸಿಗೆ ಅಂಟಿದ ಕರಿಮಣ್ಣನ್ನು ನೋಡುತ್ತ ನಿಂತುಬಿಡುತ್ತಿದ್ದ. ಊರಲ್ಲಿ ಮಳೆಯಾಯಿತೇ ಎಂದು ಚಕ್ಕಡಿಯವನನ್ನು ಕೇಳುತ್ತಿದ್ದ. ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಹೀಗೆ ಎರಡು ಸುಗ್ಗಿ ಕಳೆದವು.

ದೀಪಾವಳಿ ಮುಗಿದ ಮೇಲಿನ ಒಂದು ಸಂತೆ. ಕೋಣೆಯಲ್ಲಿ ಪ್ರಾರ್ಥನೆ ನಡೆದಿತ್ತು. ಕಂಬಳಿಗಳ ಹೊರೆ ಹೊತ್ತ ಹೆಂಗಸೊಬ್ಬಳು ಬಲಗಾಲನ್ನು ತುಸು ಎಳೆದು ಹಾಕುತ್ತ ಓಣಿಯಲ್ಲಿ ಬಂದು, ಬಾಗಿಲ ಮುಂದಿನ ಕಟ್ಟೆಯ ಮೇಲೆ ಹೊರೆ ಇಳಿಸಿ, ಒಳಗೆ ಬೆನ್ನು ಮಾಡಿ ಕುಳಿತಳು. ಗೊಲ್ಲಾಳಪ್ಪ ವಾಕ್ಯ ಓದುತ್ತಿದ್ದವನು ಎಲ್ಲಿದ್ದೆನೆಂದು ಮರೆತ. ಬಾಗಿಲ ಹತ್ತಿರ ಕೂತಿದ್ದ ಮುದುಕಿ ಹಣಮವ್ವ ಹೊರಗೆ ಬಗ್ಗಿ, "ಬಿಸಲಾಗ ಯಾಕ ಕುಂತಿ ತಂಗಿ, ಒಳಗ ಬಾ" ಎಂದಳು.

"ಇರ್ಲಿ ಬಿಡವ್ವ," ಎಂದ ಗೊಲ್ಲಾಳಪ್ಪ.

ಹಣಮವ್ವ ಅವನ ಮುಖ ನೋಡಿದಳು, ಹೊರಗಿನ ಬೆನ್ನನ್ನು ನೋಡಿದಳು. ಮತ್ತೆ ಕರೆಯಲಿಲ್ಲ. ತಾನೇ ಸ್ವಲ್ಪ ಸರಿದು ಬಾಗಿಲ ಹತ್ತಿರ ಜಾಗ ಬಿಟ್ಟು ಕುಳಿತಳು. ಆ ಜಾಗ ಕಡೆಯವರೆಗೂ ಖಾಲಿಯೇ ಇತ್ತು. ಗೊಲ್ಲಾಳಪ್ಪ ಓದಿ ಮುಗಿಸಿದ, ರೋಗಿಗಳಿಗಾಗಿ ಬೇಡಿಕೊಂಡ, ಮಳೆಗಾಗಿ ಬೇಡಿಕೊಂಡ. ಗಂಡಹೆಂಡಿರ ಸರದಿ ಬಂದಾಗ ನಾಲಿಗೆ ತಡೆಯಿತು, ಆಮೇಲೆ ಸಾಗಿತು.

ಆಮೆನ್ ಹೇಳಿ ಹೊರಗೆ ಬಂದ. ರೇವಮ್ಮ ತಿರುಗಲಿಲ್ಲ.

"ಮುಗೀತೇನು?"

"ಮುಗೀತು."

"ಉಂಡೀಯೇನು?"

"ಇಲ್ಲ."

"ಚಕ್ಕಡಿ ಹೊರಡೂತನ ವ್ಯಾಳೆ ಅದ," ಎಂದು ಅವಳು ಮಡಿಲಿನಿಂದ ಬುತ್ತಿ ತೆಗೆದು ಗಂಟು ಬಿಚ್ಚಿದಳು. ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಗೊಲ್ಲಾಳಪ್ಪ ಹೊರೆಯ ಆಚೆ ಕಡೆ ಕಟ್ಟೆಯ ಮೇಲೆ ಕುಳಿತ. ಅವಳು ರೊಟ್ಟಿಯನ್ನು ಎರಡಾಗಿ ಮುರಿದು, ಕಂಬಳಿಗಳ ಮೇಲಿಂದ ಕೈ ನೀಡಿ ಅವನಿಗೊಂದು ತುಂಡು ಕೊಟ್ಟಳು. ಒಳಗಿದ್ದವರು ಒಬ್ಬೊಬ್ಬರಾಗಿ ಹೊರಬಂದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಅವರಿಬ್ಬರಿಗೂ ತಾಗದಂತೆ ಕಟ್ಟೆಯ ಅಂಚಿನಿಂದ ಇಳಿದು ಸಂತೆಯ ಕಡೆ ನಡೆದರು.